ಹನ್ನೊಂದು ಕಡೆಯೂ ಅವನ ಸಾಲು

ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಿಂದ ಫೋನ್. ಮಾತ್ರೆಯ ಹೊತ್ತು ನೆನಪಿಸುವ ಗಂಟೆ ಮೊಳಗಿರಲಿಲ್ಲ. ನರ್ಸ್ ಚುರುಕಾಗಿದ್ದರಿಂದ ಅನಾಹುತ ತಪ್ಪಿತ್ತು.

ನಮ್ಮ ತಂತ್ರಾಂಶ ತೆರೆದು ನೋಡಿದೆ. ಗಂಟೆಯ ಕೋಡ್ ಮಂಗಮಾಯ! ತಪ್ಪು ಹುಡುಕುವುದೇ ನನ್ನ ಕಸುಬು. ನಿನ್ನೆ ಒಂದು ದಿನ ರಜೆ ಹಾಕಿದ್ದೆ, ಪರೀಕ್ಷಿಸದೆಯೇ ಕಳಿಸಿಬಿಟ್ಟಿದ್ದರು.

“ಮೀಸೆಯದೇ ಕೆಲಸ,” ಬಾಸ್ ಗುಡುಗಿದರು. ಹುರಿಮೀಸೆಯ ಸಹೋದ್ಯೋಗಿಗೆ ಆಫೀಸಿನವರಿಟ್ಟ ಅಡ್ಡಹೆಸರದು. “ಗಂಟೆ ಬರೆದವಳು ಅವನ ಹೆಂಡತಿ. ಈಗ ಆ ಫೈಲ್‌ನಲ್ಲಿ ಇರೋದೆಲ್ಲ ಅವನ ಸಾಲು. ಸೇಡು ತೀರಿಸ್ಕೊಂಡಿದ್ದಾನೆ. ಅವನ ಹೊಸ ಕಂಪನಿಗೆ ಈಗಲೇ ಬರೀತೀನಿ.”

ಗಂಡ ಹೆಂಡತಿ ಬೇರೆಯಾಗಿ ನಾಲ್ಕು ತಿಂಗಳು. ಒಂದೇ ಕೋಣೆಯಲ್ಲಿ ಕೆಲಸ, ಮಾತಿಲ್ಲ ಕತೆಯಿಲ್ಲ. ಒಬ್ಬರು ನೋಡದಾಗ ಇನ್ನೊಬ್ಬರು ನೋಡುವುದು ಮಾತ್ರ ನಿಂತಿರಲಿಲ್ಲ. ಇವತ್ತು ನಮ್ಮ ಆಫೀಸಿನಲ್ಲಿ ಮೀಸೆಯ ಕಡೆಯ ದಿನ. ಆ ಪತ್ರ ಹೋದರೆ ಅವನ ಅನ್ನಕ್ಕೆ ಕಲ್ಲು ಬಿದ್ದಂತೆಯೇ.

“ಊಟದ ಹೊತ್ತಿನ ತನಕ ಟೈಮ್ ಕೊಡಿ ಸಾರ್,” ಎಂದೆ.

* * *

ಮೀಸೆ ರಟ್ಟಿನ ಪೆಟ್ಟಿಗೆ ತುಂಬುತ್ತಿದ್ದ. “ನನ್ನ ಬ್ರಾಂಚ್‌ನಲ್ಲಿ ರೋಗಿಗಳ ಪಟ್ಟಿ ತಿದ್ದಿದೆ, ಅಷ್ಟೇ ಅಕ್ಕಾ. ಅವಳ ಗಂಟೆ ನಾನ್ಯಾಕೆ ಮುಟ್ಲಿ?”

ಅವನ ಬ್ರಾಂಚ್, ಅಂದರೆ ಅವನು ತನ್ನ ಪಾಡಿಗೆ ತಿದ್ದುತ್ತಿದ್ದ ಕೋಡಿನ ಪ್ರತಿ, ಜಾಲಾಡಿದೆ. ಅವಳು ಹೊಸದಾಗಿ ಬರೆದ ಗಂಟೆ ಅಲ್ಲಿಗೆ ಬಂದೇ ಇರಲಿಲ್ಲ, ಅಳಿಸಿದ ಗುರುತೂ ಇಲ್ಲ. ಅವಳ ಬ್ರಾಂಚ್ ಓಡಿಸಿದೆ. ಗಂಟೆ ಗಟ್ಟಿಯಾಗಿ ಮೊಳಗಿತು. ಹಾಗಾದರೆ ಎರಡನ್ನೂ ಮರ್ಜ್ ಮಾಡಿ ಒಂದಾಗಿಸುವಾಗಲೇ ಏನೋ ಆಗಿದೆ. ಇಬ್ಬರೂ ಒಂದೇ ಜಾಗ ತಿದ್ದಿದ್ದರೆ ಕಂಪ್ಯೂಟರ್ ತಾನಾಗಿ ತೀರ್ಮಾನಿಸದು. ಎರಡನ್ನೂ ಮುಂದಿಟ್ಟು, ಯಾವುದು ಉಳಿಯಲಿ ಎಂದು ಕೇಳುತ್ತದೆ.

ಮರ್ಜ್‌ನ ದಾಖಲೆ ತೆರೆದೆ. ಹನ್ನೊಂದು ಕಡೆ ತಿಕ್ಕಾಟ. ಹನ್ನೊಂದು ಕಡೆಯೂ ಅವನದೇ ಉಳಿದಿತ್ತು. ಮರ್ಜ್ ಮಾಡಿದವರ ಹೆಸರು ಓದಿ ಕಣ್ಣುಜ್ಜಿಕೊಂಡೆ.

* * *

ಅವಳನ್ನು ಮೆಟ್ಟಿಲ ಬಳಿಗೆ ಕರೆದೆ. “ನಿನ್ನ ಗಂಟೇನ ನೀನೇ ಅಳಿಸಿದ್ದೀಯಲ್ಲೇ, ತಾಯಿ!”

ಅವಳು ಗೋಡೆಗೊರಗಿದಳು. “ಒಂದೊಂದು ಕಡೆಯೂ ಕೇಳ್ತಿತ್ತು ಅಕ್ಕಾ, ನಿನ್ನದಾ, ಅವನದಾ ಅಂತ. ಅವನ ಸಾಲು ಓದ್ತಾ ಓದ್ತಾ, ಪಕ್ಕದಲ್ಲೇ ಕೂತು ಮಾತಾಡ್ತಿದ್ದಾನೆ ಅನ್ನಿಸ್ತು. ಅಳಿಸೋಕೆ ಕೈ ಬರಲಿಲ್ಲ.”

“ಎರಡನ್ನೂ ಸೇರಿಸಿ ಉಳಿಸ್ಕೋಬಹುದಿತ್ತಲ್ಲೇ?”

“ಹೊಳೀಲೇ ಇಲ್ಲ. ಕಣ್ಣು ತುಂಬಿಬಿಟ್ಟಿತ್ತು. ಅವನಿಗೆ ಮಾತ್ರ ಹೇಳ್ಬೇಡಿ.”

“ಹೇಳದಿದ್ರೆ ಅವನ ಹೆಸರು ಹಾಳಾಗುತ್ತೆ.”

ಅವಳು ಮುಖ ಒರೆಸಿಕೊಂಡಳು. ನೇರ ಬಾಸ್ ಕೋಣೆಗೆ ನಡೆದಳು. ಬಾಗಿಲು ಹಾಕುವಷ್ಟೂ ತಾಳ್ಮೆಯಿರಲಿಲ್ಲ.

“ಸಾರ್, ನಾನೇ. ಅವನ ಒಂದು ಸಾಲನ್ನೂ ಬಿಟ್ಟುಕೊಡೋಕಾಗಲಿಲ್ಲ.”

ನಾನು ಹನ್ನೊಂದೂ ಜಾಗ ತೋರಿಸಿದೆ. ಬಾಸ್ ಬರೆದಿದ್ದ ಪತ್ರ ಅಳಿಸಿದರು. ಆಮೇಲೆ ಅವಳಿಗೆ ಸರಿಯಾಗಿ ಚಳಿ ಬಿಡಿಸಿದರು.

ಹೊರಗೆ ಮೀಸೆ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಪೆಟ್ಟಿಗೆ ಕೆಳಗಿಟ್ಟು, ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳೆದುರು ಬಾಯಿ ಬಿಟ್ಟ.

“ಊಟ ಆಯ್ತಾ?”

“ಇಲ್ಲ,” ಎಂದಳು, ಅಳುತ್ತಲೇ.