ಕೊನೆಯ ಗಾಡಿಯ ಕೋಲು

ಜಗತ್ತಿನ ಅತಿ ಅಪಾಯಕಾರಿ ರಸ್ತೆಗಳ ಪಟ್ಟಿಯಲ್ಲಿ ನಮ್ಮ ಘಟ್ಟದ ರಸ್ತೆ ಇಲ್ಲ. ಕಾರಣ ಇಷ್ಟೇ: ಪಟ್ಟಿ ಮಾಡಲು ಬಂದವರು ಮೂರನೆಯ ತಿರುವಿನಲ್ಲೇ ಕಾರಿನಿಂದ ಇಳಿದು, ನಡೆದುಕೊಂಡು ವಾಪಸ್ ಹೋದರು. ಕಾರು ಇನ್ನೂ ಅಲ್ಲೇ ಇದೆ ಎನ್ನುತ್ತಾರೆ. ಹಾಗೆನ್ನುವವನು ನಾನೇ.

ಹನ್ನೊಂದು ಕಿಲೋಮೀಟರ್. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಆ ‘ಏನೂ ಇಲ್ಲ’ ಎಷ್ಟು ಆಳವೆಂದರೆ, ಇಲ್ಲಿಂದ ಹಾರಿದ ಟೋಪಿ ನೆಲ ಮುಟ್ಟುವಷ್ಟರಲ್ಲಿ ಫ್ಯಾಷನ್ ಬದಲಾಗಿರುತ್ತದೆ.

ಎದುರುಬದುರು ಎರಡು ಗಾಡಿ ಬಂದರೆ ಒಂದು ಆಕಾಶಕ್ಕೆ ಹೋಗಬೇಕು. ಅದಕ್ಕೇ ಮೇಲೊಂದು, ಕೆಳಗೊಂದು ಗೇಟು. ಕೆಳಗಿನ ಸಾಲು ಹತ್ತುವಾಗ ಕೊನೆಯ ಗಾಡಿಯ ಕೈಗೆ ಒಂದು ಕೆಂಪು ಕೋಲು ಕೊಡುತ್ತಾರೆ. ಆ ಕೋಲು ಮೇಲಿನ ಗೇಟಿನವರ ಕೈ ಸೇರಿದರೆ ರಸ್ತೆ ಖಾಲಿ ಎಂದು ಅರ್ಥ. ಆಮೇಲೆ ಅದೇ ಕೋಲು ಇಳಿಯುವ ಸಾಲಿನ ಕೊನೆಯವನ ಜೊತೆ ಕೆಳಕ್ಕೆ. ಕೋಲು ಕೈಗೆ ಬಾರದೆ ಗೇಟು ತೆರೆಯುವಂತಿಲ್ಲ, ಸಾಕ್ಷಾತ್ ದೇವರೇ ಹಾರ್ನ್ ಹೊಡೆದರೂ.

ನಾನು ಲಾರಿಯಲ್ಲಿ ಕಿಟಕಿ ಗಾಜು ಸಾಗಿಸುತ್ತೇನೆ. ಆ ದಿನ ಕೊನೆಯ ಗಾಡಿ ನನ್ನದೇ ಆಗಿತ್ತು. ಮೇಲಿನ ಗೇಟಿನಲ್ಲಿ ಹೊಸಬಳು. ನೀಲಿ ಕೋಟು, ಕಿವಿಗೆ ಸಿಕ್ಕಿಸಿಕೊಂಡ ಪೆನ್ನು.

“ಎಷ್ಟು ಹೊತ್ತು ತಗೊಂಡ್ರಿ?”

“ಇಪ್ಪತ್ತು ನಿಮಿಷ. ಅದೂ ನಡುವೆ ನಿಲ್ಸಿ ಟೀ ಕುಡಿದೆ.”

ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ತುಟಿಯ ಎಡತುದಿ ಮಾತ್ರ ನಕ್ಕಿತು, ಬಲತುದಿ ಡ್ಯೂಟಿಯಲ್ಲಿತ್ತು.

“ಕೆಳಗಿಂದ ಫೋನ್ ಬಂದು ಐವತ್ತೆರಡು ನಿಮಿಷ ಆಯ್ತು.”

“ನಿಮ್ಮ ಗಡಿಯಾರ ಭಾರಿ ಅವಸರದ್ದು ಮೇಡಂ.”

ಅಲ್ಲಿಗೆ ನನ್ನ ಕಥೆ ಮುಗಿಯಿತು. ಮರುದಿನದಿಂದ ನಾನು ಖಾಯಂ ಕೊನೆಯ ಗಾಡಿ. ಸಾಲಿನಲ್ಲಿ ನನ್ನ ಹಿಂದೆ ಯಾರಾದರೂ ಬಂದು ನಿಂತರೆ ಬಾನೆಟ್ ಎತ್ತಿ ಇಂಜಿನ್ನಿಗೆ ಇಲ್ಲದ ರೋಗ ಹುಡುಕುತ್ತಿದ್ದೆ. ಕೆಳಗಿನ ಗೇಟಿನ ಮೀಸೆ ಮಾವ ನನ್ನ ತಾಯಿಯ ಖಾಸಾ ತಮ್ಮ. ಅವನಿಗೆ ಎಲ್ಲ ಗೊತ್ತಾಗಿತ್ತು.

“ಏನಪ್ಪಾ ಅಳಿಯ, ನಾಲ್ಕು ತಿಂಗಳಿಂದ ಬರೀ ಕೋಲೇ ಕೊಡ್ತಿದ್ದೀಯ. ಬಾಯಿ ಬಿಟ್ಟು ಒಂದು ಮಾತು ಕೇಳೋದು ಯಾವಾಗ? ನನ್ನ ಮೀಸೆ ಬೆಳ್ಳಗಾದ್ಮೇಲಾ?”

“ಆಗ್ಲೇ ಬೆಳ್ಳಗಿದೆಯಲ್ಲ ಮಾವ.”

“ಅದನ್ನೇ ಹೇಳ್ತಿರೋದು ಕಣೋ!”

ಅಂದೇ ಕೇಳಿಬಿಟ್ಟೆ. ಮೇಲಿನ ಗೇಟಿನ ಪಕ್ಕ ಲಾರಿ ನಿಲ್ಲಿಸಿ, ಇಳಿಯದೆ, ಕಿಟಕಿಯಿಂದ ತಲೆ ಹೊರಹಾಕಿ, “ನನ್ನನ್ನ ಮದುವೆ ಆಗ್ತೀರಾ?” ಎಂದೆ. ನನ್ನ ಎದೆ ಬಡಿದ ಸದ್ದಿಗೆ ಎದುರಿನ ಬಂಡೆಯಿಂದ ಎರಡು ಕಲ್ಲು ಉರುಳಿದವು.

ಅವಳ ಕಿವಿ ಕೆಂಪಾಯಿತು. ಧ್ವನಿ ಮಾತ್ರ ಅಲುಗಲಿಲ್ಲ.

“ನೀವು ಹೇಳೋದ್ರಲ್ಲಿ ಯಾವುದು ನಿಜ, ಯಾವುದು ಬುರುಡೆ ಅಂತಾನೇ ನಂಗೆ ಗೊತ್ತಾಗಲ್ಲ. ನಗೋಕೇನೋ ಚೆನ್ನಾಗಿದೆ. ಆದ್ರೆ ಜೀವಮಾನ ಪೂರ್ತಿ ಅರ್ಧ ಕಳೆದು ಕೇಳ್ತಾ ಕೂರೋಕಾಗುತ್ತಾ? ಒಂದು ಸಲ, ಒಂದೇ ಸಲ, ನಿಮಗೆ ನಷ್ಟ ಆಗೋ ಅಂಥ ನಿಜ ಹೇಳಿ. ಆಮೇಲೆ ಉತ್ತರ ಕೊಡ್ತೀನಿ.”

ಹುಟ್ಟಿದ ಮೇಲೆ ಮೊದಲ ಸಲ, ಒಂದು ಬುರುಡೆಯನ್ನೂ ಬಿಡದೆ, ಗೇರು ಹಾಕಿ ಹೊರಟುಬಿಟ್ಟೆ.

ಒಂಬತ್ತು ಕಿಲೋಮೀಟರ್ ಆಚೆ ಹೊಸ ಶಾಲೆಯ ಅಂಗಳದಲ್ಲಿ ಗಾಜು ಇಳಿಸಿ ಮುಗಿಸಿದಾಗ ಪಕ್ಕದ ಸೀಟು ಕಂಡಿತು. ಅದರ ಮೇಲೆ ಕೆಂಪು ಕೋಲು ಹಾಯಾಗಿ ಮಲಗಿತ್ತು.

ವಾಪಸ್ ಓಡಿಸುತ್ತಾ ಹನ್ನೊಂದು ಸುಳ್ಳು ತಯಾರಿಸಿದೆ. ಒಂದರಲ್ಲಿ ಕೋತಿ ಇತ್ತು, ಇನ್ನೊಂದರಲ್ಲಿ ಹದ್ದು. ಎಲ್ಲಕ್ಕಿಂತ ಸುಲಭದ್ದು ಹನ್ನೊಂದನೆಯದು: ‘ನಾನು ಕೊಟ್ಟಿದ್ದೆ, ಅವರೇ ಎಲ್ಲೋ ಇಟ್ಟು ಮರೆತರು.’

ಗೇಟಿನಲ್ಲಿ ನಲವತ್ತು ಗಾಡಿ. ನಾನು ನಾನೂರು ಎಂದೇ ಹೇಳುವವನು. ಆದರೆ ಅವತ್ತು ಎಣಿಸಿದ್ದೆ, ನಲವತ್ತೇ. ಸಾಲಿನ ಮೊದಲ ಜೀಪಿನಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಅವಳು ಗೇಟಿನ ಮುಂದೆ ನೆಟ್ಟಗೆ ನಿಂತಿದ್ದಳು. ಕೊನೆಯ ಗಾಡಿ ದಾಟಿದ್ದನ್ನು ಅವಳೇ ಕಂಡಿದ್ದಳು, ಕೋಲು ಬಂತು ಎಂದು ಒಂದು ಸುಳ್ಳು ಹೇಳಿ ಗೇಟು ತೆರೆದುಬಿಡಬಹುದಿತ್ತು. ಹೇಳಿರಲಿಲ್ಲ.

“ಎರಡು ಗಂಟೆ ರಸ್ತೆ ಬಂದ್!” ಇನ್‌ಸ್ಪೆಕ್ಟರ್ ಗುಡುಗಿದರು. “ಇಸ್ಕೊಳ್ಳದೇ ಬಿಟ್ಟಿದ್ದು ಈಯಮ್ಮನಾ, ಕೊಡದೇ ಹೋಗಿದ್ದು ನೀನಾ? ಇವಳ ತಪ್ಪಾದ್ರೆ ಕೆಲಸ ಹೋಗುತ್ತೆ. ನಿಂದಾದ್ರೆ ಈ ರಸ್ತೆಯ ಪಾಸು ಒಂದು ತಿಂಗಳು ರದ್ದು. ಬೊಗಳು.”

ಜೀಪಿನ ಹಿಂದಿನ ಲಾರಿಯವನು ನನ್ನ ಕಿವಿಯಲ್ಲಿ, “ಇಸ್ಕೊಳ್ಳಲಿಲ್ಲ ಅಂದ್ಬಿಡೋ ಮಾರಾಯ” ಎಂದ.

ಹನ್ನೊಂದು ಸುಳ್ಳೂ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿದ್ದವು. ಅವಳು ನನ್ನ ಕಡೆ ನೋಡಲಿಲ್ಲ, ಕೋಟಿನ ಗುಂಡಿ ನೋಡುತ್ತಿದ್ದಳು.

“ತಪ್ಪು ನಂದು ಸರ್. ಇವರನ್ನ ಮದುವೆ ಆಗಿ ಅಂತ ಕೇಳಿದ್ದೆ. ಇವರು ಒಂದು ಮಾತು ಅಂದ್ರು, ನನ್ನ ಕೈಕಾಲು ಆಡಲಿಲ್ಲ. ಕೋಲು ಕೊಡದೇ ಓಡಿಹೋದೆ.”

ನಲವತ್ತು ಗಾಡಿಯವರೂ ಒಟ್ಟಿಗೆ ಕೂಗಿದರು. ಯಾರೋ ಹಾರ್ನ್‌ನಲ್ಲೇ ವಾಲಗ ಊದಿದ. ಇನ್‌ಸ್ಪೆಕ್ಟರ್ ನಗು ನುಂಗಿಕೊಂಡು ನನ್ನ ಪಾಸನ್ನು ಜೇಬಿಗೆ ಹಾಕಿಕೊಂಡರು.

ಅಲ್ಲಿಗೆ ನಾನು ಲಾರಿ ಸಮೇತ ಬೆಟ್ಟದ ಮೇಲೆ ಬಾಕಿ. ಒಂದು ತಿಂಗಳು ಗಾಜಿಲ್ಲ, ಗೇಟಿಲ್ಲ, ಅವಳಿಲ್ಲ. ಕೋಲು ಆ ನಲವತ್ತು ಗಾಡಿಗಳ ಜೊತೆ ಇಳಿದು, ಮುಂದಿನ ಸಾಲಿನ ಜೊತೆ ಮತ್ತೆ ಹತ್ತಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿ ಅವಳ ಪಾಳಿ ಮುಗಿಯಿತು. ಕೋಲನ್ನು ಹೊಸ ಪಾಳಿಯವರ ಕೈಗೆ ಕೊಟ್ಟು ನೇರ ನನ್ನ ಲಾರಿಯ ಹತ್ತಿರ ಬಂದಳು.

“ಕೀ ಕೊಡಿ.”

“ಯಾಕೆ?”

“ಘಟ್ಟದಲ್ಲಿ ಕೆಟ್ಟು ನಿಂತ ಲಾರಿ ಇಳಿಸೋದೂ ನಮ್ಮ ಕೆಲಸಾನೇ. ಲೈಸೆನ್ಸ್ ಇಲ್ದೆ ಈ ನೌಕರಿ ಕೊಡಲ್ಲ. ಆ ಕಡೆ ಸರೀರಿ.”

“ಲಾರಿ ಕೆಟ್ಟಿಲ್ವಲ್ಲ?”

“ಡ್ರೈವರ್ ಕೆಟ್ಟಿದ್ದಾನೆ.”

ಸರಿದು ಕೂತೆ. ಆಮೇಲೆ ಗೊತ್ತಾಯಿತು, ಇಷ್ಟು ವರ್ಷ ಆ ಸೀಟಿನಲ್ಲಿ ನಾನು ಕೂತೇ ಇರಲಿಲ್ಲ. ಇಳಿಯುವಾಗ ಎಡಗಡೆ ಪೂರ್ತಿ ‘ಏನೂ ಇಲ್ಲ’. ಮೊದಲ ತಿರುವಿಗೆ ಬಾಗಿಲ ಹಿಡಿಕೆ ಹಿಡಿದೆ, ಎರಡನೆಯದಕ್ಕೆ ಸೀಟು. ಮೂರನೆಯದಕ್ಕೆ ಕಣ್ಣು ಮುಚ್ಚಿದೆ. ಅವಳು ಒಂದೇ ಸಮನೆ, ಅವಸರವಿಲ್ಲದೆ, ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಲಾರಿ ಇಳಿಸುತ್ತಿದ್ದಳು.

“ಹೂಂ” ಎಂದಳು.

“ಏನು ಹೂಂ?”

“ಬೆಳಿಗ್ಗೆ ಕೇಳಿದ್ರಲ್ಲ, ಅದಕ್ಕೆ.”

ನಾನು ಇನ್ನಷ್ಟು ಬಿಗಿಯಾಗಿ ಕಣ್ಣು ಮುಚ್ಚಿಕೊಂಡೆ.

“ರೀ, ಇಂಥ ಹೊತ್ತಲ್ಲಾದ್ರೂ ಕಣ್ಣು ಬಿಡಿ!”

ಬಿಟ್ಟೆ. ಎಡಕ್ಕೆ ಜಗತ್ತಿನ ಅತಿ ಆಳದ ಪ್ರಪಾತ, ಬಲಕ್ಕೆ ಅವಳು. ಬಲಕ್ಕೇ ನೋಡುತ್ತಾ ಕೆಳಗಿನವರೆಗೂ ಬಂದೆ.