ಪೆನ್ಸಿಲ್ ತೂರದ ಗೂಡು

“ತಾತಾ, ಏಳ್ಬೇಡ! ಏಳ್ಬೇಡ ಅಂದೆ!”

ಕೋರಾ ಬಲಗೈಯಲ್ಲಿ ಡ್ರಿಲ್ ಹಿಡಿದು, ಎಡಗೈಯನ್ನು ಟ್ರಾಫಿಕ್ ಪೊಲೀಸನಂತೆ ಅಡ್ಡ ಚಾಚಿದಳು. ಕುರ್ಚಿಯಿಂದ ಅರ್ಧ ಎದ್ದಿದ್ದ ಆರ್ವಿಲ್ ತಾತ ಗೊಣಗುತ್ತ ಮತ್ತೆ ಕೂತರು.

“ಡ್ರಿಲ್ಲು ಓರೆ ಹಿಡ್ದಿದೀಯ. ನೋಡಕ್ಕಾಗ್ತಿಲ್ಲ ನಂಗೆ.”

“ಹಾಗಾದ್ರೆ ಕಣ್ಣು ಮುಚ್ಕೊ.”

“ನಲವತ್ತು ವರ್ಷ ಅಡುಗೆಮನೆ ಕಪಾಟು ಮಾಡಿದೀನಿ ಕಣೇ. ಕಣ್ಣು ಮುಚ್ಕೊಂಡ್ರೂ ಓರೆ ಅಂತ ಕೇಳ್ಸತ್ತೆ.”

ಕೋರಾ ನಕ್ಕು ಡ್ರಿಲ್ ನೆಟ್ಟಗೆ ಮಾಡಿದಳು. ಗ್ರ್‌ರ್‌ ಎಂದು ಸ್ಕ್ರೂ ಪ್ಲೈವುಡ್ಡಿನೊಳಗೆ ಇಳಿಯಿತು. ಗ್ಯಾರೇಜಿಗೆ ನುಗ್ಗಿದ ಒಕ್ಲಹೋಮಾದ ಗಾಳಿ ಮರದ ಹುಡಿಯನ್ನೆಲ್ಲ ಅವಳ ಕೂದಲಿಗೇ ತುಂಬುತ್ತಿತ್ತು.

ತಾತನ ಮೊಣಕಾಲಿನ ಆಪರೇಷನ್ ಆಗಿ ತಿಂಗಳಾಗಿತ್ತು. ಇನ್ನು ಮುಂದೆ ಅವರು ಕೋರಾಳ ಮನೆಯಲ್ಲೇ ಇರುತ್ತಾರೆ. ಅವರಿಗೆ ಕೋರಾಳ ತಮ್ಮ ವಯಟ್‌ನ ಕೋಣೆ. ಆರು ವರ್ಷದ ವಯಟ್‌ಗೆ ಕೋರಾಳ ಕೋಣೆಯಲ್ಲಿ ಜಾಗ.

ಆದರೆ ಕೋರಾಳ ಕೋಣೆಯಲ್ಲಿ ಜಾಗ ಎಲ್ಲಿದೆ? ಅಲ್ಲಿ ನಾಲ್ಕು ದೊಡ್ಡ ಗಾಜಿನ ಪೆಟ್ಟಿಗೆಗಳು. ಒಂದೊಂದರಲ್ಲೂ ಒಂದೊಂದು ಹಾವು. ಬಿಸ್ಕೆಟ್, ಸೋಡಾ, ಜಿಂಜರ್, ಆಮೇಲೆ ಎಲ್ಲಕ್ಕಿಂತ ಚಿಕ್ಕದು ಡಾಟ್. ಎಲ್ಲವೂ ಕಿತ್ತಳೆ ಬಣ್ಣದ, ವಿಷವಿಲ್ಲದ ಕಾರ್ನ್ ಸ್ನೇಕ್‌ಗಳು.

“ಭಾನುವಾರ ಸಂಜೆಯೊಳಗೆ ವಯಟ್ ಮಂಚಕ್ಕೆ ಜಾಗ ಆಗ್ಬೇಕು,” ಎಂದಿದ್ದಳು ಅಮ್ಮ. “ಇಲ್ಲಾಂದ್ರೆ ಎರಡು ಹಾವು ರಮೋನಾಗೆ ಕೊಟ್ಬಿಡೋಣ.” ರಮೋನಾ ಹಿಂದಿನ ಬೀದಿಯವಳು. ಅವಳ ಮನೆಯಲ್ಲಿ ಮೂವತ್ತು ಹಾವುಗಳಿದ್ದವು.

ಯಾವ ಎರಡು ಎಂದು ಕೇಳಲು ಕೋರಾಗೆ ಧೈರ್ಯ ಬರಲಿಲ್ಲ. “ನಾನು ರ‍್ಯಾಕ್ ಮಾಡ್ತೀನಿ,” ಎಂದುಬಿಟ್ಟಳು.

ರ‍್ಯಾಕ್ ಅಂದರೆ ಡ್ರಾಯರುಗಳ ಕಪಾಟಿನ ಹಾಗೆ. ಒಂದರ ಮೇಲೊಂದು ನಾಲ್ಕು ಖಾನೆ. ಪ್ರತಿ ಖಾನೆಗೂ ಎಳೆದರೆ ಬರುವ, ನೂಕಿದರೆ ಹೋಗುವ ಒಳಗಿದ್ದದ್ದು ಕಾಣುವಂಥ ಉದ್ದನೆಯ ಪ್ಲಾಸ್ಟಿಕ್ ಡಬ್ಬ. ಡಬ್ಬಕ್ಕೆ ಮುಚ್ಚಳ ಇಲ್ಲ, ಮೇಲಿನ ಹಲಗೆಯೇ ಮುಚ್ಚಳ. ಪಕ್ಕದಲ್ಲಿ ಗಾಳಿಗೆ ಸಣ್ಣ ಸಣ್ಣ ತೂತು. ಹಿಂಭಾಗದಲ್ಲಿ ಬಿಸಿ ಪಟ್ಟಿ, ಬಿಸಿ ಹೆಚ್ಚಾದರೆ ತಾನೇ ಆರಿಸುವ ಥರ್ಮೋಸ್ಟಾಟ್. ಇದನ್ನೆಲ್ಲ ರಮೋನಾ ಕಾಗದದಲ್ಲಿ ಬರೆದು ತೋರಿಸಿದ್ದಳು. ಕೊನೆಗೆ ಒಂದು ಮಾತು ಹೇಳಿದ್ದಳು: “ಹಲಗೆಗೂ ಡಬ್ಬಕ್ಕೂ ನಡುವೆ ಪೆನ್ಸಿಲ್ ತೂರ್ತೋ, ಹಾವೂ ತೂರತ್ತೆ. ನೆನಪಿರ್ಲಿ.”

ದೊಡ್ಡ ಗರಗಸದ ಕೆಲಸವನ್ನು ಮರದ ಅಂಗಡಿಯವರು ಮಾಡಿಕೊಟ್ಟರು. ಉಳಿದದ್ದೆಲ್ಲ ಕೋರಾಳದು. ಅಳತೆ, ಗುರುತು, ಉಜ್ಜುವುದು, ಸ್ಕ್ರೂ. ತಾತನದು ಕುರ್ಚಿಯಿಂದ ಬೈಯುವ ಕೆಲಸ.

ಶನಿವಾರ ಮಧ್ಯಾಹ್ನ ರ‍್ಯಾಕ್ ಎದ್ದು ನಿಂತಿತು. ಅವಳಷ್ಟೇ ಎತ್ತರ! ಅಮ್ಮ ಕೆಲಸದಿಂದ ಬಂದವಳು ಬ್ಯಾಗ್ ಕೂಡ ಇಳಿಸದೆ ಹಲಗೆಯ ಮೇಲೆ ಕೈಯಾಡಿಸಿದಳು.

“ಇದನ್ನ ನೀನು ಮಾಡಿದ್ದಾ? ನೀನೇನಾ?”

“ನಾನೇ. ತಾತ ಒಂದ್ ಸ್ಕ್ರೂನೂ ಮುಟ್ಟಿಲ್ಲ.”

“ಮುಟ್ಟಕ್ಕೆ ಬಿಟ್ರೆ ತಾನೆ, ನಮ್ ಮೇಸ್ತ್ರಿ!” ಎಂದರು ತಾತ.

ಅಮ್ಮ ಕೋರಾಳ ತಲೆಯ ಹುಡಿ ಕೊಡವಿ, ನಗುತ್ತ ಒಳಗೆ ಹೋದಳು. ಔಷಧಿ ಹೊತ್ತಾಯಿತೆಂದು ತಾತನೂ ಕುಂಟುತ್ತ ಹೊರಟರು. ಕೋರಾ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದಳು.

ಮೇಲಿನಿಂದ ಮೊದಲನೆಯ ಡಬ್ಬ, ತೂರಲಿಲ್ಲ. ಎರಡನೆಯದು ಎಳೆಯುವಾಗ ಕಿರ್ ಎಂದಿತು, ಆದರೆ ಪೆನ್ಸಿಲ್ ತೂರಲಿಲ್ಲ. ಮೂರನೆಯದು...

ಎಡ ಮೂಲೆಯಲ್ಲಿ ಪೆನ್ಸಿಲ್ ಸಲೀಸಾಗಿ ಒಳಗೆ ಹೋಯಿತು.

ಕೋರಾ ಅದನ್ನು ಸರಕ್ಕನೆ ಎಳೆದುಕೊಂಡಳು. ಸುತ್ತ ನೋಡಿದಳು. ಯಾರೂ ಇರಲಿಲ್ಲ. ಬಿಚ್ಚಬೇಕು ಅಂದರೆ ಎಲ್ಲ ಮತ್ತೆ ಮೊದಲಿಂದ. ಅಮ್ಮ ಅಷ್ಟು ಹೊಗಳಿ ಹೋಗಿದ್ದಾಳೆ. ‘ಒಂದೇ ಮೂಲೆ ತಾನೆ? ಬೇರೆ ಕಡೆ ಎಲ್ಲ ಸರಿ ಇದೆಯಲ್ಲ?’ ಅಂದುಕೊಂಡು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡಳು.

ರ‍್ಯಾಕ್ ಕೋಣೆಗೆ ಬಂತು. ಬಿಸಿ ಪಟ್ಟಿ ಹದಕ್ಕೆ ಬಂದ ಮೇಲೆ ಹಾವುಗಳೂ ಡಬ್ಬ ಸೇರಿದವು. ಮೂರನೆಯ ಡಬ್ಬದ ಮೇಲೆ ‘ಡಾಟ್’ ಎಂಬ ಚೀಟಿ ಆಗಲೇ ಅಂಟಿಸಿಯಾಗಿತ್ತು.

ಎಲ್ಲರೂ ಚಿಲ್ಲಿ ಎಂಬ ಬಿಸಿಬಿಸಿ ಕಾಳು-ಮಾಂಸದ ಸಾರು, ಮೆಕ್ಕೆಜೋಳದ ಬ್ರೆಡ್ಡು ತಿಂದರು. ಕೈ ತೊಳೆದುಕೊಂಡು ಕೋರಾ ಓಡಿಹೋಗಿ ಮೂರನೆಯ ಡಬ್ಬ ಎಳೆದಳು. ನೀರಿನ ಬಟ್ಟಲಿತ್ತು. ಅವಿತುಕೊಳ್ಳುವ ಗೂಡಿತ್ತು. ಡಾಟ್ ಇರಲಿಲ್ಲ.

“ಅಮ್ಮಾ...” ಎಂದಳು ಸಣ್ಣ ದನಿಯಲ್ಲಿ.

ಅಷ್ಟು ಸಾಕಾಯಿತು ವಯಟ್‌ಗೆ. ಊಟದ ಮೇಜು ಹತ್ತಿ ನಿಂತು, “ಹಾವು ತಪ್ಪಿಸ್ಕೊಂಡಿದೆ! ಹಾವು ತಪ್ಪಿಸ್ಕೊಂಡಿದೆ!” ಎಂದು ಕಿರುಚತೊಡಗಿದ.

ಶೂಗಳನ್ನೆಲ್ಲ ಕೊಡವಿದರು. ವಾಷಿಂಗ್ ಮಷೀನ್ ಹಿಂದೆ ಟಾರ್ಚ್ ಬಿಟ್ಟರು. ಸೋಫಾ ತಲೆಕೆಳಗಾಯಿತು. ಕೋರಾ ಬಾಗಿಲ ಸಂದಿಗಳಲ್ಲೆಲ್ಲ ಬಗ್ಗಿ ನೋಡಿದಳು. ಡಾಟ್ ಹೊರಗೆ ಹೋಗಿದ್ದರೆ? ಯಾರಾದರೂ ತುಳಿದಿದ್ದರೆ?

ಆಗ ಹಾಲ್‌ನ ಮೂಲೆಯಿಂದ ತಾತ ಅಮ್ಮನನ್ನು ಹೆಸರು ಹಿಡಿದು ಕರೆದರು. ಅವರು ಮೊಣಕಾಲಿಗೆ ಬಿಸಿ ಪ್ಯಾಡ್ ಹಾಕಿಕೊಂಡು, ಮೇಲೆ ಟವೆಲ್ ಹೊದ್ದು ಕೂತಿದ್ದರು.

“ಜನೆಲ್, ಗಾಬರಿ ಆಗ್ಬೇಡಮ್ಮ. ನನ್ ಮಂಡೀನ ಯಾರೋ ಅಪ್ಕೊಂಡಿದಾರೆ.”

ಅಮ್ಮ ಮೆಲ್ಲಗೆ ಟವೆಲ್ ಎತ್ತಿದಳು. ಬಿಸಿ ಪ್ಯಾಡಿನ ಅಂಚಿನಲ್ಲಿ ಡಾಟ್ ಸುರುಳಿ ಸುತ್ತಿ ಹಾಯಾಗಿ ಮಲಗಿತ್ತು.

ಕೋರಾ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಯಾರೂ ನಗಲಿಲ್ಲ. ವಯಟ್ ಇನ್ನೂ ಮೇಜಿನ ಮೇಲೇ ಇದ್ದ. ಅವನ ಗಲ್ಲ ಒದ್ದೆಯಾಗಿತ್ತು.

“ನಾನು ಆ ರೂಮಲ್ಲಿ ಮಲಗಲ್ಲ,” ಎಂದ.

“ಪೆನ್ಸಿಲ್ ಹಾಕಿ ನೋಡಿದ್ಯಾ, ಮೇಸ್ತ್ರಿ?” ತಾತ ಕೇಳಿದರು.

ನೋಡಿದೆ, ತೂರಲಿಲ್ಲ ಅನ್ನಬಹುದಿತ್ತು. ಡಾಟ್ ಹೇಗೋ ತಳ್ಳಿಕೊಂಡು ಬಂತು ಅನ್ನಬಹುದಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಡಾಟ್ ಅವಳ ಬೆರಳುಗಳ ಸಂದಿಯಲ್ಲಿ ನಿಧಾನವಾಗಿ ಸರಿಯುತ್ತಿತ್ತು.

“ನೋಡ್ದೆ. ತೂರ್ತು. ಯಾರಿಗೂ ಹೇಳ್ಲಿಲ್ಲ.”

ಅಮ್ಮ ಕೈಯಲ್ಲಿದ್ದ ಟವೆಲ್ ಮಡಿಸಿಟ್ಟಳು. “ಈಗ ಎಲ್ಲಾನೂ ಗಾಜಿನ ಪೆಟ್ಟಿಗೆಗೆ ವಾಪಸ್ ಹಾಕು. ನಾಳೆ ಸಂಜೆವರೆಗೂ ನಿಂಗೆ ಟೈಮಿದೆ. ಆದ್ರೆ ಟೆಸ್ಟ್ ಮಾಡೋದು ನೀನಲ್ಲ, ತಾತಾನೂ ಅಲ್ಲ. ವಯಟ್. ಅಲ್ಲಿ ಮಲಗೋನು ಅವ್ನು.”

“ನಾನಾ?” ವಯಟ್ ಮೂಗು ಒರೆಸಿಕೊಂಡ.

“ನೀನೇ. ನೀನು ಪಾಸ್ ಅಂದ್ರೆ ಪಾಸ್.”

ಭಾನುವಾರ ಬೆಳಿಗ್ಗೆ ರ‍್ಯಾಕ್ ಮತ್ತೆ ಗ್ಯಾರೇಜಿಗೆ ಬಂತು. ಕೋರಾ ಅಡ್ಡ ಮಲಗಿ ಒಂದೊಂದೇ ಮೂಲೆ ನೋಡಿದಳು. ಎರಡನೆಯ ಡಬ್ಬಕ್ಕೂ ಮೂರನೆಯದಕ್ಕೂ ನಡುವಿನ ಹಲಗೆ ಎಡಕ್ಕೆ ಒಂಚೂರು ಮೇಲೆದ್ದಿತ್ತು. ಎರಡನೆಯದು ಕಿರ್ ಎಂದಿದ್ದೂ ಅದಕ್ಕೇ! ಕಿವಿಗೆ ಬಿದ್ದಿದ್ದರೂ ತಾನು ಕೇಳಿಸಿಕೊಂಡಿರಲಿಲ್ಲ.

“ಕೊಡಿಲ್ಲಿ, ಐದು ನಿಮಿಷದ ಕೆಲಸ,” ತಾತ ಕೈ ಚಾಚಿದರು. ಆ ಬೆರಳುಗಳು ಸುಮ್ಮನೆ ಕೂರಲಾರದೆ ಚಡಪಡಿಸುತ್ತಿದ್ದವು.

“ಬೇಡ ತಾತ. ಹೇಗೆ ಅಂತ ಹೇಳು, ಸಾಕು.”

ತಾತ ಕೈ ಹಿಂದಕ್ಕೆ ತೆಗೆದುಕೊಂಡರು. “ಟೇಪು ಪಕ್ಕಕ್ಕಿಡು. ಡಬ್ಬಾನೇ ಒಳಗಿಟ್ಟು, ಅದ್ರ ಅಂಚಿನ್ ಮೇಲೆ ಎರಡು ಇಸ್ಪೀಟ್ ಎಲೆ ಇಡು. ಹಲಗೇನ ಅದ್ರ ಮೇಲೆ ಕೂರ್ಸಿ ಸ್ಕ್ರೂ ಹಾಕು. ಆಮೇಲೆ ಎಲೆ ಎಳ್ಕೊ. ಅಷ್ಟೇ ಸಂದು ಸಾಕು.”

ಒಂದು ಸಲ ಸ್ಕ್ರೂ ಜಾರಿತು. ಇನ್ನೊಂದು ಸಲ ಹಲಗೆ ಅಲುಗಾಡಿತು. ಅವಳು ಎರಡು ಸಲವೂ ಬಿಚ್ಚಿದಳು. ತಾತ ಒಮ್ಮೆಯೂ ಬೈಯಲಿಲ್ಲ. ಮೂರನೆಯ ಸಲ ಹಲಗೆ ಕೂತಿತು. ಎರಡನೆಯ ಡಬ್ಬ ಈಗ ಸದ್ದಿಲ್ಲದೆ ಜಾರಿತು. ಇಸ್ಪೀಟ್ ಎಲೆಗಳು ಸುಯ್ಯೆಂದು ಹೊರಬಂದವು.

“ವಯಟ್! ಬಾರೋ, ಇನ್‌ಸ್ಪೆಕ್ಟರ್!”

ವಯಟ್ ತನ್ನದೇ ಹೊಸ ಪೆನ್ಸಿಲ್ ತಂದ. ಚೂಪಾಗಿ ಕೆತ್ತಿಕೊಂಡು ಬಂದಿದ್ದ. ಹೊಟ್ಟೆಯ ಮೇಲೆ ಮಲಗಿ, ಕುರ್ಚಿ ಹತ್ತಿ, ನಾಲ್ಕೂ ಡಬ್ಬದ ಒಂದು ಮೂಲೆಯನ್ನೂ ಬಿಡಲಿಲ್ಲ. ಕೆತ್ತಿದ ತುದಿ ಸಂದಿಗೆ ತಾಗಿ ಅಲ್ಲೇ ನಿಂತಿತು. ಅವನಿಗೆ ಇನ್ನೂ ಅನುಮಾನ. ಒಳಗೆ ಹೋಗಿ ಬೇಯಿಸದ ನೂಡಲ್ಸ್ ಕಡ್ಡಿ ತಂದ. ಒಂದು ಕಡ್ಡಿ ಲಟಕ್ಕೆಂದು ಮುರಿಯಿತು.

“ಇದ್ಯಾವ್ ಟೆಸ್ಟೋ?” ಕೋರಾ ಬಗ್ಗಿ ನೋಡಿದಳು.

“ಸುಮ್ನಿರು. ನಾನು ಕೆಲಸ ಮಾಡ್ತಿದೀನಿ.”

ಮತ್ತೆ ಮೂರನೆಯ ಡಬ್ಬದ ಎಡ ಮೂಲೆಗೆ ಬಂದ. ಒತ್ತಿ ನೋಡಿದ. ಎದ್ದು ನಿಂತು ಪ್ಯಾಂಟು ಕೊಡವಿಕೊಂಡ.

“ಪಾಸ್.”

ತಾತ ಚಪ್ಪಾಳೆ ತಟ್ಟಿದರು. ಅಮ್ಮ ಕೋರಾಳ ಬೆನ್ನಿನ ಮೇಲೆ ಕೈಯಿಟ್ಟು, “ಇದು ನಮ್ ಮನೇಲಿರೋ ಗಟ್ಟಿ ಸಾಮಾನು ನೋಡು,” ಎಂದಳು. ಕೋರಾಗೆ ಖುಷಿಯಾಯಿತು. ಆದರೂ ಅವಳ ಕಣ್ಣು ವಯಟ್‌ನ ಮೇಲೇ ಇತ್ತು. ಅವನು ಪಾಸ್ ಅಂದದ್ದು ಬಾಯಿಂದಲೋ, ಮನಸ್ಸಿಂದಲೋ?

ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಹಾವುಗಳೆಲ್ಲ ತಮ್ಮ ತಮ್ಮ ಡಬ್ಬ ಸೇರಿದ್ದವು. ಅಮ್ಮ, ಕೋರಾ ಸೇರಿ ವಯಟ್‌ನ ಮಂಚ ಎಳೆದು ತಂದರು. ಅದರ ಒಂದು ತುದಿ ಬಾಗಿಲ ಕಡೆಗೆ, ಇನ್ನೊಂದು ತುದಿ ರ‍್ಯಾಕಿನ ಪಕ್ಕಕ್ಕೇ ಬಂತು. ಅಮ್ಮ ಹಾಸಿಗೆ ಹಾಸಿ, ದಿಂಬನ್ನು ಬಾಗಿಲ ಕಡೆ ಇಟ್ಟು ಹೋದಳು.

ವಯಟ್ ಮಂಚ ಹತ್ತಿದ. ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ದಿಂಬನ್ನು ಎಳೆದುಕೊಂಡು ಹೋಗಿ ರ‍್ಯಾಕಿನ ಕಡೆಗೆ ಹಾಕಿ, ಅದರ ಮೇಲೆ ತಲೆಯಿಟ್ಟು ಮಲಗಿದ. ಅಲ್ಲಿಂದ ಮೂರನೆಯ ಡಬ್ಬ ಅವನ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು.

“ಡಾಟ್ ಬಾಲ ಕಾಣತ್ತೆ,” ಎಂದ.

ಕೋರಾ ತನ್ನ ಮಂಚದ ಅಂಚಿನಲ್ಲಿ ಕೂತು, ಆ ದಿಂಬನ್ನೇ ಬಹಳ ಹೊತ್ತು ನೋಡುತ್ತಿದ್ದಳು.