ಅಂಗೈಯಗಲದ ಹೊಟ್ಟೆ

"ಕೈ ತೆಗೀರಿ! ಆ ಹೊಟ್ಟೆ ಮುಟ್ಟಬೇಡಿ!"

ಬೆನ್ನ ಹಿಂದಿನಿಂದ ಬಂದ ದನಿಗೆ, ಕೂಸಿನ ಹೊಟ್ಟೆ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್, ಆಸ್ಪತ್ರೆಯವರ ಬಾಯಲ್ಲಿ 'ಸ್ಕ್ಯಾನ್ ಮೇಡಂ', ಬೆಚ್ಚಲಿಲ್ಲ. ಬೆಚ್ಚಿದರೆ ಕೈ ಅಲುಗುತ್ತದೆ, ಅಲುಗಿದರೆ ಕೂಸಿಗೆ ನೋವಾಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆ ಸೇರಿದ್ದ ಹೆಣ್ಣುಕೂಸು. ಹಾಲು ಕೊಡಲು ಶುರು ಮಾಡಿದ ಮೇಲೆ ಅದರ ಅಂಗೈಯಗಲದ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿತ್ತು.

ಅವಳು ನಿಧಾನವಾಗಿ ತಿರುಗಿದಳು. ಮಾಸ್ಕ್ ಮೇಲೆ ಎರಡು ಕಣ್ಣು. ಮೇಲ್ನೋಟಕ್ಕೆ ಸಿಟ್ಟು, ಒಳಗೆಲ್ಲ ಭಯ. ಹೊಸದಾಗಿ ಬಂದಿದ್ದ ಮಕ್ಕಳ ಸರ್ಜನ್. ಮೂಗಿನ ತುದಿಯಲ್ಲೇ ಕೋಪ ಅಂತ ಸಿಸ್ಟರ್‌ಗಳು ಮೊದಲೇ ಹೇಳಿದ್ದರು.

"ಸರ್, ನಿಮ್ಮ ಕೈ ಕೊಡಿ."

"ಯಾಕೆ?"

"ಕೊಡಿ ಅಂದ್ರೆ."

ಅವನ ಮಣಿಕಟ್ಟಿಗೆ ಬೆಚ್ಚಗಿನ ಜೆಲ್ ಹಚ್ಚಿ, ಅದರ ಮೇಲೆ ಕೈಯಲ್ಲಿದ್ದ ಸ್ಕ್ಯಾನ್ ಪ್ರೋಬ್ ಇಟ್ಟಳು. "ಭಾರ ಗೊತ್ತಾಗ್ತಿದ್ಯಾ?"

"...ಇಲ್ಲ."

"ಕೂಸಿಗೂ ಗೊತ್ತಾಗಲ್ಲ. ನಾನು ಒತ್ತಲ್ಲ, ಜೆಲ್ ಮೇಲೆ ತೇಲಿಸ್ತೀನಿ. ಪರದೆ ನೋಡಿ, ಈ ಕೆಂಪು ಬಣ್ಣ ಅಂದ್ರೆ ರಕ್ತ ಓಡ್ತಿದೆ ಅಂತ. ನಾಡಿ ಸ್ವಲ್ಪ ಜೋರಾಗೇ ಇದೆ. ಮೆಟ್ಟಿಲು ಹತ್ತಿ ಬಂದ್ರಾ?"

"ಲಿಫ್ಟ್‌ನಲ್ಲಿ ಬಂದೆ" ಎಂದುಬಿಟ್ಟ. ಅಂದ ಮೇಲೆ ಅವನ ಕಿವಿ ಕೆಂಪಾಯಿತು. ಹಿರಿಯ ಸಿಸ್ಟರ್ ಕೆಮ್ಮಿನ ನೆಪದಲ್ಲಿ ಅತ್ತ ತಿರುಗಿದರು.

ಅವಳು ಪ್ರೋಬ್ ಒರೆಸಿ ಶುಚಿ ಮಾಡಿ ಮತ್ತೆ ಕೂಸಿನತ್ತ ಬಾಗಿದಳು. ನಗುವ ಹೊತ್ತು ಅದಾಗಿರಲಿಲ್ಲ.

"ಎಕ್ಸ್‌ರೇ ನೋಡಿದೆ. ಕರುಳು ಊದಿದೆ, ಮಗು ಸೊರಗ್ತಿದೆ. ಈಗಲೇ ಹೊಟ್ಟೆ ತೆರೀಬೇಕು" ಎಂದ ಅವನು.

"ಊದಿರೋದು ನಿಜ. ಆದ್ರೆ ಎಕ್ಸ್‌ರೇನಲ್ಲಿ ಕಾಣೋದು ನೆರಳು. ಇಲ್ಲಿ ಕರುಳಿನ ಗೋಡೆನೇ ಕಾಣುತ್ತೆ. ದಪ್ಪ ಆಗಿದೆ, ಒಳಗೆ ಗಾಳಿಗುಳ್ಳೆ ಸೇರಿಕೊಂಡಿವೆ. ಆದ್ರೂ ಎಲ್ಲ ಕಡೆ ರಕ್ತ ಓಡ್ತಿದೆ ಸರ್, ತೂತು ಬಿದ್ದಿಲ್ಲ. ಈಗ ತೆರೆದ್ರೆ ಉಳಿಯೋದು ಯಾವುದು, ಹೋಗೋದು ಯಾವುದು ಅಂತ ನಿಮಗೇ ಗೊತ್ತಾಗಲ್ಲ."

"ಕಾಯ್ತಾ ಕೂತಾಗ ಕರುಳು ಒಡೆದ್ರೆ?"

"ಒಡೆಯೋ ಮುಂಚೆ ಹೇಳ್ತೀನಿ. ಮತ್ತೆ ಮತ್ತೆ ನೋಡ್ತಿರ್ತೀನಿ."

"ನಿಮ್ಮ ಲೆಕ್ಕ ತಪ್ಪಿದ್ರೆ?"

ಅವಳ ಕಣ್ಣು ವಾರ್ಡಿನ ಗಾಜಿನ ಗೋಡೆಯತ್ತ ಹೋಯಿತು. ಅದರಾಚೆ ಕೂಸಿನ ತಾಯಿ ಸಿಸೇರಿಯನ್ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವನು ಒಮ್ಮೆ ಆ ತಾಯಿಯನ್ನು ನೋಡಿದ, ಒಮ್ಮೆ ಇವಳನ್ನು.

"ಸರಿ, ಕಾಯೋಣ. ಆದ್ರೆ ನಾನು ಇಲ್ಲಿಂದ ಕದಲಲ್ಲ."

ಹಾಲು ನಿಲ್ಲಿಸಿದರು. ಔಷಧಿ, ಆಹಾರ ಎಲ್ಲ ರಕ್ತನಾಳದ ಮೂಲಕ. ಅವನು ಮೂಲೆಯ ಕುರ್ಚಿಯಲ್ಲಿ ಕೂತ. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಕುರ್ಚಿಯ ಕೈಗೆ ಹೊಲಿಗೆ ದಾರ ಸುತ್ತಿ ಗಂಟಿನ ಮೇಲೆ ಗಂಟು ಹಾಕತೊಡಗಿದ.

"ಕುರ್ಚಿಗೆ ಆಪರೇಷನ್ನಾ ಸರ್?"

"ಕೈ ಕೇಳಲ್ಲ. ನಮ್ಮಪ್ಪ ಟೈಲರ್. ಹರಿದ ಬಟ್ಟೆ ತಂದವರಿಗೆಲ್ಲ 'ಇನ್ನೂ ಬಾಳಿಕೆ ಬರುತ್ತೆ, ಎಸೀಬೇಡಿ' ಅಂತ ಹೊಲಿದು ಕೊಡ್ತಿದ್ರು."

"ಅಂಥವರ ಮಗ ಬರ್ತಿದ್ದ ಹಾಗೇ ಕತ್ತರಿ ಕೇಳಿದ್ರಲ್ಲ!"

ಅವನು ನಕ್ಕುಬಿಟ್ಟ. ಇಬ್ಬರೂ ಟೀ ಕುಡಿಯಲು ಬಾಗಿಲ ಹೊರಗೇ ನಿಂತಾಗ ಮಾಸ್ಕ್ ಇಳಿಸಿ ಮತ್ತೆ ನಕ್ಕ; ಒಂದು ಹಲ್ಲು ಸೊಟ್ಟ. ಇಷ್ಟು ಚೆಂದದ ನಗುವನ್ನು ಮುಚ್ಚಿಟ್ಟುಕೊಂಡು ಎಲ್ಲರ ಮೇಲೆ ರೇಗುತ್ತಾನಲ್ಲ, ಎಂದುಕೊಂಡಳು. ತಾನು ಹಾಗೆ ಅಂದುಕೊಂಡಿದ್ದಕ್ಕೆ ತನಗೇ ನಾಚಿಕೆಯಾಗಿ ಬಿಸಿ ಟೀ ಒಂದೇ ಗುಟುಕಿಗೆ ನುಂಗಿ ನಾಲಿಗೆ ಸುಟ್ಟುಕೊಂಡಳು.

ಮುಂದಿನ ಸ್ಕ್ಯಾನಿಗೆ ಬಂದಾಗ ಜೆಲ್ ಬಾಟಲಿ ಅದರ ಜಾಗದಲ್ಲಿರಲಿಲ್ಲ. ಅವನು ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂತಿದ್ದ.

"ತಣ್ಣಗಿದ್ರೆ ಕೂಸು ಬೆಚ್ಚಿಬೀಳುತ್ತೆ ಅಂತ ಸಿಸ್ಟರ್ ಹೇಳಿದ್ರು" ಎಂದ, ಎತ್ತಲೋ ನೋಡುತ್ತ.

ಬಾಟಲಿ ತೆಗೆದುಕೊಂಡಾಗ ಅವಳ ಬೆರಳಿಗೆ ಆ ಬಿಸುಪು ತಾಗಿತು.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಪರದೆಯ ಮೇಲೆ ಕರುಳಿನ ಒಂದು ಸುರುಳಿ ಕಪ್ಪಾಗಿತ್ತು. ಅಲ್ಲಿ ಕೆಂಪಿನ ಸುಳಿವಿಲ್ಲ. ಗೋಡೆ ಕಾಗದದಷ್ಟು ತೆಳು, ಸುತ್ತ ರಾಡಿನೀರು.

"ಸರ್... ಬನ್ನಿ. ಇನ್ನು ತಡ ಮಾಡಬಾರದು."

"ಎಷ್ಟು ಹೋಗಿದೆ?"

"ಒಂದೇ ತುಂಡು. ಬಲಗಡೆ, ಕೆಳಗೆ. ಉಳಿದದ್ದೆಲ್ಲ ಕೆಂಪಗಿದೆ."

ಅವನು ಮರುಮಾತಾಡದೆ ಕೂಸನ್ನು ಥಿಯೇಟರಿಗೆ ಸಾಗಿಸಿದ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿ ಕೇಳಿದಳು, "ಮೇಡಂ, ನಿನ್ನೇನೇ ಆಪರೇಷನ್ ಮಾಡಿದ್ರೆ ಒಳ್ಳೇದಿತ್ತಾ?"

ಸ್ಕ್ಯಾನ್ ಮೇಡಂ ಪಕ್ಕದಲ್ಲಿ ಕೂತು ಆ ತಾಯಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

ಬಾಗಿಲು ತೆರೆಯಿತು. ಬೆವರಿಂದ ಅವನ ಟೋಪಿ ಒದ್ದೆಯಾಗಿತ್ತು.

"ಇವರು ತೋರಿಸಿದ ಜಾಗದಲ್ಲೇ ಇತ್ತು. ಒಡೆಯೋಕೆ ಇನ್ನೇನು ಕೂದಲೆಳೆ ಬಾಕಿ. ಕಿರುಬೆರಳಷ್ಟು ತೆಗೆದೆ, ಅಷ್ಟೇ. ನಿನ್ನೆ ತೆರೆದಿದ್ರೆ, ಒಳಗೆ ಎಲ್ಲ ಒಂದೇ ಥರ ಊದಿತ್ತಲ್ಲ, ಅರ್ಧ ಕರುಳು ತೆಗೆದುಬಿಡ್ತಿದ್ದೆ ಅಮ್ಮಾ. ಇವರು ನನ್ನ ತಡೆದ್ರು."

ತಾಯಿ ಇವಳ ಹೆಗಲಿಗೆ ಒರಗಿ ಅತ್ತಳು. ಇವಳೂ ಅತ್ತಳು. ಅವನು ಏನು ಮಾಡಬೇಕೆಂದು ತಿಳಿಯದೆ ಕೈಗೆ ಸಿಕ್ಕ ಹತ್ತಿಯ ಉಂಡೆಯನ್ನು ಇಬ್ಬರಿಗೂ ಹರಿದು ಕೊಟ್ಟ.

ಕೂಸು ಮತ್ತೆ ಹನಿಹನಿಯಾಗಿ ಹಾಲು ಕುಡಿಯಿತು, ಕೆನ್ನೆ ತುಂಬಿಕೊಂಡಿತು. ಮನೆಗೆ ಹೊರಟ ದಿನ ಇಡೀ ವಾರ್ಡನ್ನೇ ಎಬ್ಬಿಸುವಂತೆ ಅತ್ತು ತಾಯಿಯ ತೋಳಲ್ಲಿ ಹೋಯಿತು.

ಅವತ್ತು ಸಂಜೆ ಅವನು ಸ್ಕ್ಯಾನ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಫೈಲಿಲ್ಲ.

"ಪೇಷೆಂಟ್ ಯಾರು ಸರ್?"

"ಪೇಷೆಂಟ್ ಇಲ್ಲ. ಅಮ್ಮನಿಗೆ ಫೋನ್ ಮಾಡಿದ್ದೆ. ನಿಮ್ಮ ವಿಷಯ ಹೇಳಿದೆ."

ಅವಳು ಮೌಸ್ ಮೇಲಿನ ಕೈ ತೆಗೆಯಲಿಲ್ಲ, ಆದರೆ ಕೆಲಸ ನಿಂತಿತ್ತು. "ಏನಂತ ಹೇಳಿದ್ರಿ?"

"ಇಲ್ಲೊಬ್ಬರಿದ್ದಾರೆ, ನಾನು ಹೇಳಿದ್ದು ಒಂದನ್ನೂ ಒಪ್ಪಲ್ಲ ಅಂತ."

"ಅದಕ್ಕೆ ಅಮ್ಮ ಏನಂದ್ರು?"

"'ಅಂಥವಳು ಸಿಕ್ಕಿದ್ರೆ ಕೈ ಬಿಡಬೇಡ ಕಣೋ' ಅಂದ್ರು."

ಮಂದ ಬೆಳಕಿನ ಆ ಕೋಣೆಯಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಎದ್ದು ಹೋಗಿ ದೀಪ ಹಾಕಿದಳು. ಮಾಸ್ಕ್ ಇಲ್ಲದ, ಹೆದರಿದ, ಆಸೆ ತುಂಬಿದ ಆ ಮುಖವನ್ನು ಕಣ್ತುಂಬ ನೋಡಿದಳು.

"ನಿನ್ನ ಮಾತು ಇನ್ನು ಮುಂದೆಯೂ ಒಪ್ಪಲ್ಲ ಕಣೋ" ಎಂದಳು. "ಅಮ್ಮನ ಮಾತು ಒಪ್ಪಿದೆ."